ಡಾಕ್ಟರಿಗೆ ತೋರಿಸಲು ಹೊರಟವರನ್ನು ತಡೆಯಬೇಡಿ

ನಮ್ಮ ಕಡೆ ಒಂದು ಮಗು ಜಾಸ್ತಿ ಹಠ ಮಾಡಿದರೆ ಮದ್ದು ಹೇಳುವವರಿಗೆ ಬರವಿಲ್ಲ. "ಎರಡು ಪೆಟ್ಟು ಕೊಡಿ, ಸರಿಯಾಗ್ತಾನೆ." "ಅವನ ಅಪ್ಪನೂ ಸಣ್ಣದಿರುವಾಗ ಹೀಗೇ ಇದ್ದ." "ಕೊಂಡಾಟ ಜಾಸ್ತಿಯಾಯ್ತು." "ಮೊಬೈಲು ಕೊಟ್ಟು ಹಾಳು ಮಾಡಿದ್ದು." ಇದನ್ನೆಲ್ಲ ಕೇಳಿಸಿಕೊಂಡು, ಕೊನೆಗೂ ಧೈರ್ಯ ಮಾಡಿ ಡಾಕ್ಟರಿಗೆ ತೋರಿಸೋಣ ಅಂತ ಅಪ್ಪ ಅಮ್ಮ ಹೊರಟರೆ ಮನೆಯವರೇ ಅಡ್ಡ ನಿಲ್ಲುತ್ತಾರೆ. "ಹುಚ್ಚಿನ ಡಾಕ್ಟರ ಹತ್ರವಾ? ನಾಳೆ ಜನ ಎಂತ ಹೇಳಿಯಾರು?"

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವವಳು ನಾನು. ಇಂಥ ಅಪ್ಪ ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಪರವಾಗಿ ಇವತ್ತು ನಿಮ್ಮೆಲ್ಲರ ಹತ್ತಿರ ಸ್ವಲ್ಪ ಜಗಳ ಮಾಡುವುದಿದೆ.

ನಮ್ಮ ಜಿಲ್ಲೆಗೆ ಒಂದು ಬೇರೆಯೇ ಕಷ್ಟ ಇದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಸುಪ್ರೀಂ ಕೋರ್ಟು ಆ ವಿಷವನ್ನು ಇಡೀ ದೇಶದಲ್ಲೇ ನಿಷೇಧಿಸಿದ್ದು 2011ರಲ್ಲಿ. ಪಡ್ರೆ, ಎಣ್ಮಕಜೆಯಂಥ ಕಡೆ ಹಾಸಿಗೆ ಬಿಟ್ಟು ಏಳಲಾರದ ಮಕ್ಕಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಾಗಿ ಓಡಾಡುವ, ಮಾತಾಡುವ, ಪೇಟೆಯಲ್ಲಿ ಐಸ್‌ಕ್ರೀಂ ಕೇಳುವ ಮಗುವಿಗೂ ತೊಂದರೆ ಇರಬಹುದು ಅಂತ ನಮಗೆ ತೋಚುವುದೇ ಇಲ್ಲ. "ಕೈಕಾಲು ನೆಟ್ಟಗಿದೆಯಲ್ಲ, ದೇವರು ದೊಡ್ಡವನು, ಸುಮ್ನಿರು" ಎಂದುಬಿಡುತ್ತೇವೆ. ಹೇಳುವವರದ್ದು ಕೆಟ್ಟ ಮನಸ್ಸಲ್ಲ. ಆದರೆ ಆ ಮಾತು ಕೇಳಿದ ಅಮ್ಮ ಮತ್ತೆ ಬಾಯಿ ತೆರೆಯುವುದಿಲ್ಲ.

ಹಾಗಂತ ಹಠ ಮಾಡುವ ಎಲ್ಲ ಮಕ್ಕಳನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಅನ್ನುತ್ತಿಲ್ಲ. ಮೂರು ವರ್ಷದ ಮಗು ಅಂಗಡಿ ಎದುರು ನೆಲಕ್ಕೆ ಬಿದ್ದು ಹೊರಳುವುದು ಲೋಕದಲ್ಲಿ ಇದ್ದದ್ದೇ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಡಪಡಿಕೆಯ ತೊಂದರೆ) ಅಂತ ಹೇಳಬೇಕಾದರೂ ಡಾಕ್ಟರು ಅದರ ಲಕ್ಷಣ ಆರು ತಿಂಗಳಿಗಿಂತ ಹೆಚ್ಚಾಗಿ ಇದೆಯಾ, 12 ವರ್ಷದೊಳಗೆ ಶುರುವಾಗಿದೆಯಾ, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತದಾ ಅಂತ ನೋಡುತ್ತಾರೆ. ಒಂದು ಮದುವೆ ಮನೆಯಲ್ಲಿ ಓಡಿದ ಮಾತ್ರಕ್ಕೆ ಆ ಹೆಸರು ಹಚ್ಚುವಂತಿಲ್ಲ. ಅದಕ್ಕೂ ಮೊದಲು ಕಿವಿ, ಕಣ್ಣು, ನಿದ್ದೆ ಪರೀಕ್ಷೆಯಾಗಬೇಕು. ಕಿವಿ ಸರಿ ಕೇಳದ ಮಗು ಕರೆದರೆ ಓಗೊಡುವುದಿಲ್ಲ, ನಾವು ಅದನ್ನು ಸೊಕ್ಕು ಅನ್ನುತ್ತೇವೆ. ಪಾಠದ ನಡುವೆ ಕೆಲವು ಸೆಕೆಂಡು ಎಲ್ಲೋ ನೋಡುತ್ತಾ ಸ್ತಬ್ಧವಾಗುವ ಮಗುವಿಗೆ ಅದು ಫಿಟ್ಸಿನ ಒಂದು ಬಗೆ ಇರಬಹುದು. ಇದನ್ನೆಲ್ಲ ಕಿಟಕಿಯಾಚೆ ನಿಂತ ನೆರೆಮನೆಯವರು ಪತ್ತೆ ಹಚ್ಚಲಾರರು.

ಒಂದು ಮನೆಯ ಸಂಗತಿ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರ ಬದಲಾಯಿಸಿದ್ದೇನೆ. ಹುಡುಗ ಕಚ್ಚುತ್ತಿದ್ದ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಕೌನ್ಸಿಲರ್ ಅವನ ಅಮ್ಮನಿಗೆ ಮೊದಲು ಕೊಟ್ಟದ್ದು ಮದ್ದಲ್ಲ, ಬರೆಯುವ ಕೆಲಸ. ಏನಾಯಿತು, ಅದಕ್ಕಿಂತ ಮೊದಲು ಏನು ನಡೆದಿತ್ತು, ಆಮೇಲೆ ಯಾರು ಏನು ಮಾಡಿದರು. ಅಷ್ಟೇ. ಆಕೆ ಮಗನ ಹಳೇ ಎರಡು ಗೆರೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿದ್ದರು: "ಮಂಗಳವಾರ. ಶಾಲೆಯಿಂದ ಬಂದ. ಚೀಲ ಬಿಸಾಡಿದ. ತಮ್ಮ ಟಿವಿ ಹಾಕಿದ. ತಮ್ಮನ ಕೈ ಕಚ್ಚಿದ. ಅತ್ತೆ ಬಿಸ್ಕೆಟ್ ಕೊಟ್ಟರು. ಸುಮ್ಮನಾದ." ಗುರುವಾರವೂ ಹೆಚ್ಚುಕಮ್ಮಿ ಅದೇ. ಮುಂದಿನ ವಾರವೂ ಅದೇ.

ಓದುತ್ತಾ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ. ಹಸಿವು, ದಣಿವು, ಗಲಾಟೆ ಮೂರೂ ಕೂಡುವ ಹೊತ್ತು ಅದು. ಮೇಲಾಗಿ ಕಚ್ಚಿದ ಮೇಲೆ ಬಿಸ್ಕೆಟ್ ಗ್ಯಾರಂಟಿ! ಆಮೇಲೆ ಬಿಸ್ಕೆಟಿನ ಜಾಗ ಬದಲಾಯಿತು. ಮನೆಗೆ ಬಂದ ಕೂಡಲೇ ತಿಂಡಿ, ಸ್ವಲ್ಪ ಹೊತ್ತು ಟಿವಿ ಇಲ್ಲ, ಚೀಲ ಸರಿಯಾದ ಜಾಗದಲ್ಲಿಟ್ಟರೆ ಅಜ್ಜಿಯಿಂದ ಒಂದು ಹೊಗಳಿಕೆ. ಎಲ್ಲ ಸರಿಹೋಯಿತು ಎಂದಲ್ಲ. ಕಚ್ಚುವುದು ಕಮ್ಮಿಯಾಯಿತು. ಕ್ಲಾಸಿನಲ್ಲಿ ಕೂರುವುದು ಅವನಿಗೆ ಈಗಲೂ ಕಷ್ಟವೇ. ಆದರೆ ಡಾಕ್ಟರ ಎದುರು ಆ ಅಮ್ಮ "ತುಂಬಾ ಪೋಕ್ರಿ" ಎಂದು ಅಳುವ ಬದಲು ಪುಸ್ತಕ ತೆರೆದು ಹೇಳುವಂತಾಯಿತು. ತೀರಾ ಸಣ್ಣ ಮಕ್ಕಳಿಗೆ ಡಾಕ್ಟರುಗಳು ಮೊದಲು ಹೇಳುವುದೂ ಮಾತ್ರೆಯಲ್ಲ, ಅಪ್ಪ ಅಮ್ಮಂದಿರಿಗೆ ಈ ಬಗೆಯ ತರಬೇತಿ. "ಹೋದರೆ ಮಾತ್ರೆ ಕೊಟ್ಟು ಮಲಗಿಸ್ತಾರೆ" ಎಂದು ಹೆದರಿಸುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಇನ್ನು ಭಾಷೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಸರಕಾರಿ ಆಸ್ಪತ್ರೆಯಲ್ಲಿ ಮಲಯಾಳ, ಫಾರಂ ಇಂಗ್ಲಿಷಿನಲ್ಲಿ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ ವ್ಯವಹರಿಸುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಆದರೆ ಮಗ ರಾತ್ರಿ ಹೇಗೆ ಬೆಚ್ಚಿ ಏಳುತ್ತಾನೆ, ಯಾವ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತಾನೆ ಅಂತ ಬಿಡಿಸಿ ಹೇಳಲು ಅಷ್ಟು ಸಾಲದು. ಹತ್ತು ಪ್ರಶ್ನೆಗೆ ಮೂರು ಉತ್ತರ ಕೊಟ್ಟು, ಉಳಿದದ್ದಕ್ಕೆ ತಲೆಯಾಡಿಸಿ ಬಂದ ಅಮ್ಮಂದಿರಿದ್ದಾರೆ. ಅದಕ್ಕೇ ನಮ್ಮವರು ಮಂಗಳೂರಿಗೆ ಓಡುವುದು. ಗಡಿಯ ತಲಪಾಡಿ ದಾಟಿ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಥೆರಪಿ ವಾರ ವಾರ ಬೇಕು. ಎಷ್ಟು ದಿನ ಓಡಿಯಾರು?

ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ನಾವು ಧರಣಿ ಕೂರುತ್ತೇವೆ, ಕೂರಲೇಬೇಕು. ಜೊತೆಗೆ ಇದನ್ನೂ ಕೇಳೋಣ: ಮಕ್ಕಳ ತಪಾಸಣೆಯ ದಿನ ಕನ್ನಡ ಬಲ್ಲ ಒಬ್ಬರು ಇರಲಿ, ಪ್ರಶ್ನಾವಳಿ ಕನ್ನಡದಲ್ಲಿರಲಿ. ಅಲ್ಲಿಯವರೆಗೆ ಮಲಯಾಳ ಚೆನ್ನಾಗಿ ಬರುವ ನೆಂಟರೋ ನೆರೆಯವರೋ ಜೊತೆಗೆ ಹೋಗಿ. ಮಗುವಿನ ಅಮ್ಮ ಹೇಳಿದ್ದನ್ನಷ್ಟೇ ಹೇಳಿ, ನಿಮ್ಮ ಅಭಿಪ್ರಾಯ ಸೇರಿಸಬೇಡಿ.

ಅಂದ ಹಾಗೆ, ಮನೆಯಲ್ಲಿ ಎರಡು ಮೂರು ಭಾಷೆ ಇರುವುದರಿಂದ ಮಗುವಿಗೆ ಮಾತು ತಡವಾಗುತ್ತದೆ ಎಂಬುದು ಸುಳ್ಳು. ಆ ನಂಬಿಕೆಯಿಂದ ತುಳು ಬಿಡಿಸಿ ಹರಕು ಇಂಗ್ಲಿಷ್ ಶುರುಮಾಡಿದ ಮನೆಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. ಮಾತು ಬಾರದಿದ್ದರೆ ಭಾಷೆಯನ್ನು ದೂರುತ್ತಾ ಕಾಯದೆ ತೋರಿಸಿ.

ಎಲ್ಲಿಗೆ ಅಂದರೆ, ಶಾಲೆಯ ಮಕ್ಕಳಿಗೆ ಕುಂಬಳೆ, ಮಂಜೇಶ್ವರ, ಕಾಸರಗೋಡಿನ ಬಿಆರ್‌ಸಿಗಳಲ್ಲಿ, ಅಂದರೆ ಶಾಲೆಗಳಿಗೆ ನೆರವಾಗುವ ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ, ಸ್ಪೆಷಲ್ ಟೀಚರುಗಳಿದ್ದಾರೆ. ಶಾಲೆಗೂ ಅಂಗನವಾಡಿಗೂ ಬರುವ ಆರೋಗ್ಯ ತಂಡ ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯದ್ದು, 18 ವರ್ಷದವರೆಗೂ ನೋಡುತ್ತಾರೆ. ಅವರು ಬಂದ ದಿನ ಮಗುವನ್ನು ಅಡಗಿಸಬೇಡಿ, ಮುಂದೆ ಕಳಿಸಿ. ನಿಮಗೇ ನಿದ್ದೆಯಿಲ್ಲದೆ ತಲೆ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು, ರಾತ್ರಿಯೂ ಮಾತಾಡುತ್ತಾರೆ. ಮಧೂರಿಗೆ ಹೋಗಿ ಗಣಪತಿಗೆ ಅಪ್ಪ ಸೇವೆ ಮಾಡಿಸುವುದಾದರೆ ಖಂಡಿತ ಮಾಡಿಸಿ. ಜೋಯಿಸರ ಹತ್ರ ಪ್ರಶ್ನೆ ಇಡುವುದಾದರೂ ಇಡಿ. ಅದಕ್ಕಾಗಿ ಆಸ್ಪತ್ರೆಯ ದಿನವನ್ನು ಮುಂದೂಡಬೇಡಿ, ಅಷ್ಟೇ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. "ಈ ಮಗುವನ್ನು ಬೇರೆ ಶಾಲೆಗೆ ಸೇರಿಸಿ" ಅಂತ ಪೋಷಕರಿಗೆ ಹೇಳುವ ಚಾಳಿ ಕೆಲವರಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ಮೊದಲು ಮಗುವನ್ನು ಹೊರಹಾಕುವಂತಿಲ್ಲ. ಹೊಡೆಯುವಂತೆಯೂ ಇಲ್ಲ. ಮೂವತ್ತು ಮಕ್ಕಳ ನಡುವೆ ಅಂಥ ಒಂದು ಮಗುವನ್ನು ಸುಧಾರಿಸುವುದು ಎಷ್ಟು ಕಷ್ಟ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಪೋಷಕರನ್ನು ಕರೆಸುವುದು ಬರೀ ದೂರು ಹೇಳಲಿಕ್ಕಾದರೆ ಅವರು ಮುಂದಿನ ಸಲ ಬರುವುದೇ ಇಲ್ಲ.

ಗಲ್ಫಿನಲ್ಲಿರುವ ಅಪ್ಪಂದಿರೇ, ಇಲ್ಲಿ ಅಮ್ಮ "ಇಲ್ಲ" ಎಂದದ್ದನ್ನು ನೀವು ವಿಡಿಯೋ ಕಾಲಿನಲ್ಲಿ "ಕೊಡು, ಪಾಪ" ಎನ್ನಬೇಡಿ. ಕೌನ್ಸಿಲರ್ ಹತ್ತಿರ ಹೋದಾಗ ಅದೇ ಕಾಲಿನಲ್ಲಿ ನೀವೂ ಕೂತು ಕೇಳಿ.

ನೆಂಟರಿಗೆ ಹೇಳುವುದು ಸಣ್ಣದು. ಇಂಥ ಅಪ್ಪ ಅಮ್ಮ ಆಸ್ಪತ್ರೆಗೆ ಹೋಗುವ ದಿನ ಉಳಿದ ಮಗುವನ್ನು ನೀವು ನೋಡಿಕೊಳ್ಳಿ. ಉಪನಯನಕ್ಕೆ, ಮದುವೆಗೆ ಅವರನ್ನು ಬಿಡದೆ ಕರೆಯಿರಿ. ಮಗು ಬೊಬ್ಬೆ ಹಾಕಿದರೆ ಹಾಕಲಿ, ವಾಲಗ, ಮೈಕು, ಜನರೇಟರಿನ ನಡುವೆ ಅದೇನು ದೊಡ್ಡ ಶಬ್ದವಲ್ಲ. ಆದರೆ ಕಾಯುವುದು ಅದಕ್ಕೆ ಕಷ್ಟ. ಮೊದಲ ಹಂತಿಯಲ್ಲೇ ಎಲೆ ಹಾಕಿಸಿ, ಅಮ್ಮನಿಗೂ ಪಕ್ಕದಲ್ಲೇ ಬಡಿಸಿ.