ಮೂರು ಕೌಂಟರಿನ ಪ್ರದಕ್ಷಿಣೆ

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರಿನಂಥ ಹಳೆಯ ಸಹಕಾರಿ ಮಳಿಗೆಯಲ್ಲಿ ಒಂದು ಬನಿಯನ್ ಕೊಳ್ಳಬೇಕಾದರೂ ಮೂರು ಕಡೆ ನಿಲ್ಲಬೇಕಿತ್ತು. ಆರಿಸುವುದು ಒಂದು ಕಡೆ, ದುಡ್ಡು ಕಟ್ಟುವುದು ಇನ್ನೊಂದು ಕಡೆ, ಮಾಲು ಕೈಗೆ ಬರುವುದು ಮತ್ತೊಂದು ಕಡೆ. ಬನಿಯನ್ ಕಣ್ಣೆದುರಿಗೇ ಇರುತ್ತದೆ, ದುಡ್ಡು ಜೇಬಿನಲ್ಲೇ ಇರುತ್ತದೆ. ಆದರೂ ಅದನ್ನು ಕೊಟ್ಟು ಇದನ್ನು ತಗೊಳ್ಳುವ ಹಾಗಿಲ್ಲ. ನಡುವೆ ಒಂದು ಚೀಟಿ ಸುತ್ತು ಹಾಕಿ ಬರಬೇಕು, ಅದರ ಹಿಂದೆ ನೀವೂ ಸುತ್ತಬೇಕು. ದೇವಸ್ಥಾನದಲ್ಲಾದರೆ ಇದಕ್ಕೆ ಪುಣ್ಯ ಸಿಗುತ್ತದೆ. ಇಲ್ಲಿ ಬನಿಯನ್ ಸಿಗುತ್ತಿತ್ತು.

ಮೈಸೂರು ಬ್ಯಾಂಕ್ ವೃತ್ತದಿಂದ ಮೆಜೆಸ್ಟಿಕ್ ಕಡೆಗೆ ಹೋಗುವಾಗ ಸಿಗುವ ಆ ಕಟ್ಟಡ 1930ರ ದಶಕದ್ದು. ಅದರ ಹುಟ್ಟುಹೆಸರು ಏಷ್ಯಾಟಿಕ್ ಬಿಲ್ಡಿಂಗ್. ಆ ಹೆಸರು ಕಾಗದಪತ್ರಗಳಲ್ಲಿ ಉಳಿಯಿತು, ಬಾಯಲ್ಲಿ ಉಳಿದದ್ದು ಜನತಾ ಬಜಾರ್. ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಹಳೆಯ ಕಟ್ಟಡಗಳ ಪರವಾಗಿ ನಿಂತವರು ಕೋರ್ಟಿನವರೆಗೂ ಹೋದರು. ಕಲ್ಲು ಗಾರೆಯ ಬಗ್ಗೆ ಅವರು ಹೇಳಿದ್ದಕ್ಕೆ ಸೇರಿಸುವಂಥದ್ದೇನೂ ಇಲ್ಲ. ಒಳಗೆ ನಡೆಯುತ್ತಿದ್ದ ವ್ಯಾಪಾರದ ಕಟ್ಟಡವೂ ಅಷ್ಟೇ ಗಟ್ಟಿಯಾಗಿತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಿದಂತಿಲ್ಲ.

ಇಂಥ ಮಳಿಗೆಗಳು ಬೆಲೆಯ ಭಯದಿಂದ ಹುಟ್ಟಿದವು. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ದಿನಸಿ ಬೆಲೆ ಕೈಮೀರದಿರಲಿ ಎಂದು ಕೇಂದ್ರ ಸರ್ಕಾರ ಗ್ರಾಹಕ ಸಹಕಾರ ಮಳಿಗೆಗಳಿಗೆ ಯೋಜನೆ ತಂದಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾಗಿ, 4 ರೂಪಾಯಿ 76 ಪೈಸೆ ಇದ್ದ ಡಾಲರು ಏಳೂವರೆಗೆ ಏರಿತು. ಮರುತಿಂಗಳೇ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ಬಾಗಿಲು ತೆರೆಯಿತು. ನಮ್ಮ ಕಡೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಜನತಾ ಬಜಾರ್ ಎಂಬ ಹೆಸರು ನಿಂತಿತು. ಒಂದೇ ಸೂರಿನಡಿ ಬೇಳೆಯೂ ಬಕೆಟ್ಟೂ ರವಿಕೆ ಬಟ್ಟೆಯೂ ಪ್ರೆಶರ್ ಕುಕ್ಕರೂ ಸಿಗುವುದು, ಅದೂ ಚೌಕಾಸಿ ಮಾಡದೆ ಸಿಗುವುದು, ಆಗ ಸಣ್ಣ ಸಂಗತಿಯಲ್ಲ. 1990ಕ್ಕೆ ಮುಂಚೆ ಪ್ಯಾಕೆಟ್ಟಿನ ಮೇಲೆ ಬೆಲೆ ಹಾಕಿ ಪಕ್ಕದಲ್ಲಿ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚು ಹಾಕಲು ಅವಕಾಶವಿತ್ತು. ಆ ಪ್ರತ್ಯೇಕ ಎಷ್ಟು ಎಂಬುದನ್ನು ಅಂಗಡಿಯವನೇ ಹೇಳಬೇಕು. ಅದು ಗಿರಾಕಿಯ ಮುಖ ನೋಡಿ ಎರಡು ಪೈಸೆಯೂ ಆಗಬಹುದು, ಇಪ್ಪತ್ತೂ ಆಗಬಹುದು. ಬೆಲೆಯೂ ತೆರಿಗೆಯೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಾಗಿ ಬರುವ ಕಡೆ ಜನ ಸುಮ್ಮನೆ ಸಾಲು ನಿಲ್ಲುತ್ತಿರಲಿಲ್ಲ.

ಆ ಬಿಲ್ಲಿನ ಪುಸ್ತಕವೇ ಇಡೀ ಮಳಿಗೆಯ ಬೆನ್ನೆಲುಬು. ಒಂದೇ ನಂಬರಿನ ಮೂರು ಹಾಳೆ, ನಡುವೆ ಎರಡು ಕಾರ್ಬನ್. ಕಾರ್ಬನ್ನಿನ ಮಸಿಯ ಮುಖ ಕೆಳಗಿರಬೇಕು. ಅವಸರದಲ್ಲಿ ತಿರುಗುಮುರುಗಾದರೆ ಎರಡನೇ ಹಾಳೆ ಖಾಲಿ ಉಳಿದು, ಮೊದಲ ಹಾಳೆಯ ಬೆನ್ನಿಗೆ ಕನ್ನಡಿಯ ಅಕ್ಷರ ಮೂಡುತ್ತದೆ. ಸರಿಯಾಗಿಟ್ಟರೂ ಮೂರನೆಯ ಹಾಳೆಗೆ ಅಕ್ಷರ ಇಳಿಯಬೇಕಾದರೆ ಬಾಲ್‌ಪೆನ್ನನ್ನು ಒತ್ತಬೇಕು, ಕೆಳಗೆ ಗಟ್ಟಿ ರಟ್ಟು ಇರಬೇಕು. ಒಂದೇ ಕಾರ್ಬನ್ನನ್ನು ವಾರಗಟ್ಟಲೆ ದುಡಿಸಿದರೆ ಮೂರನೆಯ ಪ್ರತಿಯಲ್ಲಿ 1 ಯಾವುದು 7 ಯಾವುದು ಎಂದು ಪಂಚಾಯ್ತಿ ಸೇರಿಸಬೇಕಾಗುತ್ತದೆ. ಅದಕ್ಕೇ ಪಳಗಿದ ಕೈಯವರು 7ರ ನಡುವಿಗೆ ಒಂದು ಅಡ್ಡಗೀಟು ಹಾಕುತ್ತಿದ್ದರು, ಮೊತ್ತದ ಹಿಂದೆ ಮುಂದೆ ಜಾಗವೇ ಉಳಿಯದಂತೆ ಗೀಟೆಳೆಯುತ್ತಿದ್ದರು. ತಪ್ಪಾದ ಬಿಲ್ಲನ್ನು ಹರಿದೆಸೆಯುವಂತಿಲ್ಲ. ಮೂರೂ ಹಾಳೆ ಪುಸ್ತಕದಲ್ಲೇ ಇರಬೇಕು, ಮೇಲೆ ಓರೆಯಾಗಿ ಎರಡು ಗೆರೆ, ನಡುವೆ ‘ರದ್ದು’. ಒಂದು ನಂಬರು ಕಾಣೆಯಾದರೂ ಸಂಜೆ ಯಾರೂ ಮನೆಗೆ ಹೊರಡುವಂತಿರಲಿಲ್ಲ.

ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಬಟ್ಟೆಯ ಕೌಂಟರು, ನೋಡಲು ಚೆಂದವೂ ಅದೇ. ಬಟ್ಟೆ ಸುತ್ತಿದ ಥಾನನ್ನು ಮೇಜಿನ ಮೇಲೆ ಎಸೆದು ಎರಡು ಸಲ ಉರುಳಿಸಿದರೆ ಬಟ್ಟೆ ತಾನೇ ಬಿಚ್ಚಿಕೊಳ್ಳುತ್ತದೆ. ಮೊದಲ ಪ್ರಶ್ನೆ ಬಣ್ಣದ್ದಲ್ಲ, ಪನ್ನದ್ದು, ಅಂದರೆ ಬಟ್ಟೆಯ ಅಗಲದ್ದು. “ಇದು ಚಿಕ್ಕ ಪನ್ನ ತಾಯಿ, ಮೂವತ್ತಾರಿಂಚು. ತುಂಬು ತೋಳಿನ ಶರ್ಟಿಗೆ ಎರಡೂವರೆ ಮೀಟರು ಬೇಕು. ಆ ಐವತ್ತೆಂಟರದ್ದು ತಗೊಂಡ್ರೆ ಒಂದು ಅರುವತ್ತರಲ್ಲಿ ಆಗೋಗುತ್ತೆ.” ಮೀಟರಿನ ಬೆಲೆ ನೋಡಿ ಅಗ್ಗ ಎಂದು ಚಿಕ್ಕ ಪನ್ನಕ್ಕೆ ಕೈಹಾಕಿದವರಿಗೆ ಅಲ್ಲೇ ಒಂದು ಲೆಕ್ಕದ ಪಾಠವಾಗುತ್ತಿತ್ತು. ಕಾಟನ್ ಆದರೆ ಇನ್ನೂ ಒಂದು ಎಚ್ಚರಿಕೆ. ನೂರಕ್ಕೆ ನಾಲ್ಕರಂತೆ ಕುಗ್ಗಿದರೂ ಮೂರು ಮೀಟರಿಗೆ 12 ಸೆಂಟಿಮೀಟರು ಹೋಯಿತು, ಅಂದರೆ ಹೆಚ್ಚುಕಮ್ಮಿ ಒಂದು ಪಟ್ಟಿ ಕಾಲರು. ಒಂದು ಗೇಣು ಜಾಸ್ತಿ ತಗೊಂಡು, ರಾತ್ರಿ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಆಮೇಲೆ ದರ್ಜಿಗೆ ಕೊಡಬೇಕು. ಇದನ್ನು ಪುಕ್ಕಟೆಯಾಗಿ ಹೇಳಿಕೊಡುವವರು ಇದ್ದರು. ಹೇಳದೆ ಫ್ಯಾನಿನ ಕಡೆ ನೋಡುತ್ತ ಕೂರುವವರೂ ಇದ್ದರು. ಇಬ್ಬರಿಗೂ ಒಂದೇ ಸಂಬಳ.

ಅಳತೆಗೆ ಅಂಚಿಗೆ ಮುದ್ರೆ ಒತ್ತಿಸಿಕೊಂಡ ಕಬ್ಬಿಣದ ಮೀಟರ್ ಕೋಲು. 1956ರ ಅಳತೆ ಕಾಯ್ದೆ ಬಂದ ಮೇಲೂ ಬಾಯಲ್ಲಿ ಗಜ ಬಹಳ ವರ್ಷ ಬಾಳಿತು. ಗಜ ಎಂದರೆ 91.44 ಸೆಂಟಿಮೀಟರು, ಮೀಟರಿಗಿಂತ ಎಂಟೂವರೆ ಕಡಿಮೆ. ಅಜ್ಜಿಯ ಗಜದ ಲೆಕ್ಕ ಹಿಡಿದು ಅಷ್ಟೇ ಮೀಟರು ಕೊಯ್ಯಿಸಿದವರ ಮನೆಯಲ್ಲಿ ಉಳಿದ ತುಂಡುಗಳಿಂದ ದಿಂಬಿನ ಚೀಲಗಳು ಹುಟ್ಟುತ್ತಿದ್ದವು. ಕೋಲು ಸರಿಯಿದ್ದರೂ ಕೈ ಸರಿಯಿರಬೇಕು. ಬಟ್ಟೆಯನ್ನು ಬಿಗಿಯಾಗಿ ಎಳೆದು ಅಳೆದರೆ ಮೀಟರಿಗೆ ಒಂದು ಸೆಂಟಿಮೀಟರು ಎಲ್ಲಿಗೋ ಹೋಗುತ್ತದೆ. ಕೈಬಿಟ್ಟ ಕೂಡಲೇ ಬಟ್ಟೆ ಮೊದಲಿನ ಉದ್ದಕ್ಕೆ ಬರುತ್ತದೆ, ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಆರು ಮೀಟರು ಪರದೆ ಬಟ್ಟೆಗೆ ನಾಲ್ಕು ಬೆರಳು ಮಾಯ. ಜಾಣ ಹೆಂಗಸರು ಇದಕ್ಕಾಗಿಯೇ ಬಟ್ಟೆಯ ಬಣ್ಣ ಬಿಟ್ಟು ಅಳೆಯುವವನ ಹೆಬ್ಬೆರಳನ್ನೇ ನೋಡುತ್ತಿದ್ದರು. ಸಹಕಾರಿ ಮಳಿಗೆಯ ನೌಕರನಿಗೆ ಹಾಗೆ ಎಳೆಯುವ ದರ್ದು ಇರಲಿಲ್ಲ. ಉಳಿದ ನಾಲ್ಕು ಬೆರಳು ಬಟ್ಟೆ ಅವನ ಮನೆಗಂತೂ ಹೋಗುವುದಿಲ್ಲ. ಅವನ ಉದಾಸೀನವೇ ಗಿರಾಕಿಯ ಲಾಭ.

ಇನ್ನು ಕೊಯ್ಯುವುದು. ಪಾಪ್ಲಿನ್, ಮಲ್ಲು, ಲಾಂಗ್‌ಕ್ಲಾತ್‌ನಂಥ ಸಾದಾ ನೇಯ್ಗೆಯನ್ನು ಕತ್ತರಿಯಿಂದ ಉದ್ದಕ್ಕೂ ಕತ್ತರಿಸುವುದಿಲ್ಲ. ಅಂಚಿನಲ್ಲಿ ಎರಡು ಬೆರಳಗಲ ಕಚ್ಚು ಹಾಕಿ, ಎರಡೂ ಕೈಯಿಂದ ಹಿಡಿದು ‘ಪರ್’ ಎಂದು ಹರಿಯುವುದು. ಹರಿದದ್ದು ಒಂದೇ ಎಳೆಯ ಜಾಡು ಹಿಡಿದು ಹೋಗುವುದರಿಂದ ಕತ್ತರಿಗಿಂತ ನೇರ. ಆದರೆ ಹೂವಿನ ಅಚ್ಚು ನೇಯ್ಗೆಗೆ ಓರೆಯಾಗಿ ಬಿದ್ದಿದ್ದರೆ ಹರಿದ ಕೂಡಲೇ ಗುಟ್ಟು ಬಯಲಾಗುತ್ತದೆ: ಬಟ್ಟೆ ನೇರ, ಹೂವಿನ ಸಾಲು ಡೊಂಕು. ಅಂಥದ್ದನ್ನು ಹೂವಿನ ಸಾಲು ನೋಡಿಕೊಂಡು ಕತ್ತರಿಯಿಂದಲೇ ಕೊಯ್ಯಬೇಕು. ಟೆರಿಕಾಟನ್ನನ್ನೂ ಹಾಗೆಯೇ, ಅದರ ಎಳೆ ಸುಲಭಕ್ಕೆ ತುಂಡಾಗದೆ ಅಂಚನ್ನೆಲ್ಲ ಸುಕ್ಕು ಮಾಡುತ್ತದೆ. ಥಾನಿನ ಕೊನೆಗೆ ಒಂದೂಕಾಲು ಮೀಟರು ಉಳಿದರೆ ಅದು ಶರ್ಟಿಗೂ ಬಾರದು, ರವಿಕೆಗೆ ಹೆಚ್ಚು. ನೌಕರ ಅದನ್ನು ತಪ್ಪಿಸಲು “ಇಷ್ಟೇ ಉಳಿದಿದೆ ಸಾರ್, ಪೂರ್ತಿ ತಗೊಳ್ಳಿ, ಮಗೂಗೆ ಚಡ್ಡಿ ಆಗುತ್ತೆ” ಎನ್ನುತ್ತಾನೆ. ಒಪ್ಪದಿದ್ದರೆ ಅದು ಕಟ್‌ಪೀಸ್ ರಾಶಿಗೆ. ಆ ರಾಶಿಯಲ್ಲಿ ಕೈಯಾಡಿಸುವುದೇ ಕೆಲವರಿಗೆ ಭಾನುವಾರದ ಮ್ಯಾಟಿನಿಗಿಂತ ದೊಡ್ಡ ಮನರಂಜನೆ.

ಬಿಲ್ಲಿನ ಎರಡು ಹಾಳೆ ಗಿರಾಕಿಯ ಕೈಗೆ, ಒಂದು ಪುಸ್ತಕದಲ್ಲೇ. ಮಾಲು ಮಾತ್ರ ಇನ್ನೊಂದು ದಾರಿಯಲ್ಲಿ ಡೆಲಿವರಿ ಕೌಂಟರಿಗೆ. ನಗದು ಕೌಂಟರಿನ ಜಾಲರಿಯ ಹಿಂದೆ ಕೂತವರು ಮಾಲು ನೋಡುವುದಿಲ್ಲ, ಕಾಗದ ನೋಡುತ್ತಾರೆ. ಮೊತ್ತವನ್ನು ಮತ್ತೊಮ್ಮೆ ಕೂಡಿ, ಹಣ ಎಣಿಸಿ, ಎರಡೂ ಹಾಳೆಗೆ ಠಸ್ಸೆ ಒತ್ತುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಠಸ್ಸೆಯ ದಿಂಬು ಒಣಗಿದ ದಿನ ‘ಸಂದಾಯ’ದ ಅರ್ಧವೇ ಮೂಡಿ, ಡೆಲಿವರಿಯವರು ಅದನ್ನು ಒಪ್ಪದೆ ವಾಪಸು ಕಳಿಸುವುದೂ ಉಂಟು. ಡೆಲಿವರಿಯಲ್ಲಿ ಕೂತವರ ಮುಂದೆ ಮಾಲಿದೆ, ಆದರೆ ದುಡ್ಡು ಮುಟ್ಟುವಂತಿಲ್ಲ. ಅವರು ಬಿಲ್ಲಿನ ಸಾಲಿಗೊಂದರಂತೆ ಮಾಲು ಎಣಿಸಿ, ಒಂದು ಹಾಳೆ ಇಟ್ಟುಕೊಂಡು ಮೊಳೆಕಡ್ಡಿಗೆ ಚುಚ್ಚುತ್ತಾರೆ. ಸಂಜೆ ಬಿಲ್ ಪುಸ್ತಕದ ಮೊತ್ತ, ಪೆಟ್ಟಿಗೆಯ ಹಣ, ಮೊಳೆಕಡ್ಡಿಯ ಚೀಟಿಗಳು ಮೂರೂ ತಾಳೆಯಾಗಬೇಕು. ಹಣ ಕಡಿಮೆ ಬಂದರೆ ತಪ್ಪು ನಗದಿನದು. ಚೀಟಿ ಕಡಿಮೆಯಾದರೆ ಯಾರೋ ದುಡ್ಡು ಕಟ್ಟಿ ಮಾಲು ಮರೆತು ಹೋಗಿದ್ದಾರೆ. ಮಾಲು ಉಳಿದು ಅದರ ಬಿಲ್ಲಿಗೆ ಹಣವೂ ಬಂದಿಲ್ಲ ಎಂದರೆ, ಮೊದಲ ಕೌಂಟರಿನಿಂದ ಎರಡನೆಯದಕ್ಕೆ ನಡೆಯುವ ಮೂವತ್ತು ಹೆಜ್ಜೆಯಲ್ಲಿ ಯಾರದೋ ಮನಸ್ಸು ಬದಲಾಗಿದೆ. ಈಗಿನ ಅಂಗಡಿಗಳು ಗಿರಾಕಿಗೆ ಆ ಮೂವತ್ತು ಹೆಜ್ಜೆ ಕೊಡುವುದೇ ಇಲ್ಲ. ಮೂವತ್ತಲ್ಲ, ಮೂರೂ ಕೊಡುವುದಿಲ್ಲ. ಮನೆಯಲ್ಲಿ ಬೇಡದ ಸಾಮಾನು ತುಂಬಿರುವುದಕ್ಕೆ ಇದೂ ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು.

ಮಾಲಿರುವ ಕೈಗೆ ದುಡ್ಡಿಲ್ಲ, ದುಡ್ಡಿರುವ ಕೈಗೆ ಮಾಲಿಲ್ಲ. ಒಬ್ಬರನ್ನೂ ನಂಬದ ಈ ಏರ್ಪಾಡಿನ ಮೇಲೆ ಊರಿನವರಿಗೆಲ್ಲ ನಂಬಿಕೆ ಇತ್ತು. ಮಗುವಿನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೂ ತೂಕ, ಬೆಲೆ, ಚಿಲ್ಲರೆ ಮೂರೂ ಸರಿಯಾಗಿ ಬರುತ್ತಿತ್ತೆಂದರೆ ಅಲ್ಲಿದ್ದವರೆಲ್ಲ ಹರಿಶ್ಚಂದ್ರರೆಂದಲ್ಲ. ತಪ್ಪು ಮಾಡಲು ಮೂವರು ಒಟ್ಟಿಗೆ ಒಪ್ಪಬೇಕಿತ್ತು, ಮಧ್ಯಾಹ್ನದ ಟೀ ಎಷ್ಟು ಹೊತ್ತಿಗೆ ಎಂಬುದರಲ್ಲೇ ಆ ಮೂವರಿಗೆ ಒಮ್ಮತವಿರಲಿಲ್ಲ.

ದಿನಸಿಯ ಕಡೆ ಹೇಳುವುದು ಕಡಿಮೆ. ಬೇಳೆ ಸಕ್ಕರೆಗಳನ್ನು ಒಂದು ಕೇಜಿ, ಅರ್ಧ ಕೇಜಿ ಎಂದು ಮೊದಲೇ ತೂಗಿ ಕಟ್ಟಿಡುತ್ತಿದ್ದರು. ಬೇಸಿಗೆಯಲ್ಲಿ ತೂಗಿಟ್ಟ ಬೇಳೆ ಒಣಗಿ ಒಂದೆರಡು ಗ್ರಾಂ ಇಳಿಯುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಕಾಗದವನ್ನೇ ತಿನ್ನುತ್ತದೆ. ಆದ್ದರಿಂದ ಬೆಲ್ಲವನ್ನು ಮಾತ್ರ ಕೇಳಿದಾಗಲೇ ಒಡೆದು ತೂಗುವುದು ವಾಡಿಕೆ. ಹೊಸ ಮೂಟೆ ಬಂದಾಗ ಹಳೆಯದನ್ನು ಮುಂದಕ್ಕೆ ಎಳೆದಿಡದಿದ್ದರೆ ಹಿಂದಿನ ಸಾಲಿನಲ್ಲಿ ಹುಳ ಸಂಸಾರ ಹೂಡುತ್ತದೆ. ತಿಳಿದ ಗಿರಾಕಿಗಳು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ತಳದಲ್ಲಿ ಹಿಟ್ಟು ಕೂತಿದೆಯೇ ಎಂದು ನೋಡಿಯೇ ಚೀಲಕ್ಕೆ ಹಾಕುತ್ತಿದ್ದರು.

ಕಟ್ಟು ಕಟ್ಟುವವರ ವಿದ್ಯೆಯೇ ಬೇರೆ. ಕಂದು ಕಾಗದವನ್ನು ಹಾಸಿ, ಸೀರೆಯ ಮಡಿಕೆಯನ್ನು ನಡುವೆ ಇಟ್ಟು, ಎರಡು ಬದಿಯನ್ನು ಮೇಲೆ ತಂದು ಒಂದರ ಮೇಲೊಂದು ಮೂರು ಬೆರಳಷ್ಟು ಬರುವಂತೆ ಮಡಿಸುವುದು. ತುದಿಗಳನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತಿದರೆ ತ್ರಿಕೋನದ ಕಿವಿ ಬರುತ್ತದೆ. ಅದನ್ನು ತಳಕ್ಕೆ ಮಡಚುವುದು. ಕಿವಿ ಮೇಲೆ ಉಳಿದರೆ ಬಸ್ಸಿನಲ್ಲಿ ಯಾರದೋ ಮೊಣಕೈಗೆ ಸಿಕ್ಕಿ ಹರಿಯುತ್ತದೆ. ದಾರದ ಉಂಡೆ ಒಂದು ಡಬ್ಬಿಯೊಳಗೆ, ಡಬ್ಬಿಯ ತೂತಿನಿಂದ ಹೊರಟ ಎಳೆ ಮೇಲಿನ ಕೊಕ್ಕೆಯ ಮೂಲಕ ತಲೆಯ ಮೇಲೆ ಇಳಿಬಿದ್ದಿರುತ್ತದೆ, ಹುಡುಕುವ ಕೆಲಸವೇ ಇಲ್ಲ. ಮೊದಲು ಉದ್ದಕ್ಕೆ ಒಂದು ಸುತ್ತು, ನಡುವೆ ತಿರುಚಿ ಅಡ್ಡಕ್ಕೆ ಒಂದು ಸುತ್ತು, ಜಾರುಗಂಟು, ಮೇಲೆ ಬೆರಳು ತೂರುವಷ್ಟು ಕುಣಿಕೆ. ಆಮೇಲೆ ಕತ್ತರಿಯಿಲ್ಲದೆ ದಾರ ತುಂಡು ಮಾಡುವ ಜಾದು: ತೋರುಬೆರಳಿಗೆ ದಾರವನ್ನು ಸುತ್ತಿ, ಎಳೆಯ ಮೇಲೆ ಎಳೆ ಅಡ್ಡ ಬೀಳುವಂತೆ ಹಿಡಿದು, ಒಂದೇ ಝಟಕ. ದಾರ ತನ್ನನ್ನು ತಾನೇ ಉಜ್ಜಿಕೊಂಡು, ಅಡ್ಡ ಬಿದ್ದ ಜಾಗದಲ್ಲೇ ತುಂಡಾಗುತ್ತದೆ. ನಿಧಾನವಾಗಿ ಎಳೆದರೆ ತುಂಡಾಗುವುದು ದಾರವಲ್ಲ, ಬೆರಳಿನ ಚರ್ಮ. ನೂಲಿನದಕ್ಕೂ ಸೆಣಬಿನ ತೆಳು ದಾರಕ್ಕೂ ಈ ಆಟ ನಡೆಯುತ್ತದೆ. ಪ್ಲಾಸ್ಟಿಕ್ ದಾರ ಬಂದ ಮೇಲೆ ನಿಂತಿತು, ಅದು ಹಿಗ್ಗುತ್ತದೆಯೇ ಹೊರತು ಕಡಿಯುವುದಿಲ್ಲ.

ಜೂನ್ ಬಂದರೆ ಈ ಎಲ್ಲ ಕೌಂಟರುಗಳೂ ನೋಟ್‌ಬುಕ್ಕಿನ ಒಂದೇ ಕೌಂಟರಿನ ಮುಂದೆ ಮಂಕಾಗುತ್ತಿದ್ದವು. ಇಂದಿರಾ ಗಾಂಧಿ ಸರ್ಕಾರದ 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆ ನಿಯಂತ್ರಿತ ಬೆಲೆಗೆ ಪುಸ್ತಕ, ಲೇಖನ ಸಾಮಗ್ರಿ ಎಂಬುದೂ ಒಂದು ಅಂಶ. ನೋಟ್‌ಬುಕ್ಕಿನ ಸಾಲು ಮಳಿಗೆಯ ಬಾಗಿಲು ದಾಟುವುದಕ್ಕೆ ಅಷ್ಟು ಸಾಕಾಯಿತು. ಅಲ್ಲೂ ನೋಡಿ ಕೊಳ್ಳುವ ಕ್ರಮವಿದೆ. ಇನ್ನೂರು ಪುಟ ಎಂದರೆ ನೂರು ಹಾಳೆ. ಮೂಲೆಯನ್ನು ಹೆಬ್ಬೆರಳಲ್ಲಿ ಸರ್ರೆಂದು ಬಿಟ್ಟರೆ ಗೆರೆಯಿಲ್ಲದ ಹಾಳೆ ಬಂದಿದ್ದು ಕಾಣುತ್ತದೆ. ಇಂಕು ಪೆನ್ನಿನವರು ಕೊನೆಯ ಪುಟದಲ್ಲಿ ಒಂದು ಚುಕ್ಕೆ ಇಟ್ಟು ನೋಡಬೇಕು. ಚುಕ್ಕೆಗೆ ಕಾಲು ಮೂಡಿ ಹರಡಿದರೆ ಆ ಕಾಗದಕ್ಕೆ ಪೆನ್ಸಿಲ್ಲೇ ಗತಿ, ಗಣಿತಕ್ಕೆ ಇಡಬಹುದು. ನಡುಹಾಳೆ ಬಿಚ್ಚಿ ಪಿನ್ನು ನೋಡಬೇಕು. ಪಿನ್ನಿನ ಸುತ್ತ ತುಕ್ಕಿನ ಕಲೆ ಇದ್ದರೆ ಅದು ಹೋದ ವರ್ಷದ ಸ್ಟಾಕು, ದೀಪಾವಳಿ ಹೊತ್ತಿಗೆ ನಡುವಿನ ಹಾಳೆಗಳು ಕಿತ್ತು ಕೈಗೆ ಬರುತ್ತವೆ. ಬೇರೆ ಡಜನ್ ಒಡೆಯಿರಿ ಎಂದು ಕೇಳಬಹುದಿತ್ತು. ಗೊಣಗಿಕೊಂಡು ಒಡೆಯುತ್ತಿದ್ದರು, ಬಿಲ್ಲಿಗೆ ಠಸ್ಸೆ ಬೀಳುವ ಮುಂಚೆ ಕೇಳಿರಬೇಕು, ಅಷ್ಟೇ.