ದೋಣಿಯ ಮೂತಿಗೂ ಫೀಸು ಕಟ್ಟಬೇಕಂತೆ ಮಾರಾಯ್ರೆ

ಹನ್ನೊಂದು ಸೆಂಟಿಮೀಟರ್. ಒಂದು ಒಳ್ಳೆ ಬಂಗುಡೆ ತಗೊಂಡು ನಡುವಿಗೆ ಕತ್ತರಿಸಿ. ಅರ್ಧ ಬಂಗುಡೆ. ಅಷ್ಟಕ್ಕೆ ಇವತ್ತು ನನ್ನ ಒಂದು ದಿನ ಹೋಯ್ತು, ಅಪ್ಪಯ್ಯನ ಒಂದು ದಿನ ಹೋಯ್ತು, ನಾಳೆಯದ್ದೂ ಹೋಗುತ್ತದೆ. ರಾತ್ರಿ ಹನ್ನೊಂದೂವರೆ ಆಯ್ತು, ನಿದ್ದೆ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾರಾದರೂ ಓದಿ. ಓದದಿದ್ದರೂ ಅಡ್ಡಿಯಿಲ್ಲ.

ನಮ್ಮ ಹೊಸ ದೋಣಿಯ ನೋಂದಣಿಗೆ ಅಂತ ಉದ್ದ ಅಳೆಯಲಿಕ್ಕೆ ಬಂದ ಇಲಾಖೆಯ ಮನುಷ್ಯ ಟೇಪನ್ನು ಮೂತಿಯ ತುದಿಯಿಂದಲೇ ಯಾಕೆ ಹಿಡಿಸಿದ್ದು? ನನಗೆ ಇಷ್ಟು ಗೊತ್ತಾದರೆ ಸಾಕು.

ಮೊದಲೇ ಹೇಳಿಬಿಡುತ್ತೇನೆ, ಇದು ದುಡ್ಡಿನ ವಿಷಯ ಅಲ್ಲವೇ ಅಲ್ಲ. ಹೆಚ್ಚಿಗೆ ಕಟ್ಟಬೇಕಾದ ಮೊತ್ತ ಎಷ್ಟು ಅಂತ ಬರೆದರೆ ನೀವು ನಗುತ್ತೀರಿ. ಅದಕ್ಕೇ ಬರೆಯುವುದಿಲ್ಲ. ಸ್ವಲ್ಪ ದೊಡ್ಡ ಹೋಟೆಲಿನಲ್ಲಿ ಒಂದು ಪ್ಲೇಟ್ ಅಂಜಲ್ ಫ್ರೈ ತಿಂದರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತದೆ. ಆದರೆ ಆ ಅಂಜಲ್ ಫ್ರೈಗೆ ಇವತ್ತು ನಾನು ಎಷ್ಟು ಖರ್ಚು ಮಾಡಿದೆ ಗೊತ್ತಾ? ಬಸ್ಸಿಗೆ ಇಬ್ಬರದ್ದು ಹೋಗಿ ಬಂದು 140. ಅಫಿಡವಿಟ್ಟಿಗೆ ಛಾಪಾ ಕಾಗದ, ನೋಟರಿ ಸೇರಿ 250. ಜೆರಾಕ್ಸ್ 36. ದೋಣಿಯ ಫೋಟೊ ಮತ್ತೆ ಕಲರ್‌ನಲ್ಲೇ ಬೇಕು ಅಂದರು, 60. ಊಟ 160. ನನ್ನ ಒಂದು ರಜೆ ಕಟ್. ದುಡ್ಡಿನ ವಿಷಯ ಅಲ್ಲ ಅಂದೆ ಅಲ್ವಾ, ಹೌದು, ಅಲ್ಲ. ಸುಮ್ನೆ ಲೆಕ್ಕ ಹೇಳಿದ್ದು.

ದೋಣಿ ಹೊಸದು. ಹಳೆಯ ಮರದ್ದು ಕೊಟ್ಟಾಯಿತು, ಇದು ಫೈಬರ್. ಕಟ್ಟಿಕೊಟ್ಟವರ ಸರ್ಟಿಫಿಕೇಟ್ ಇದೆ, ಅದರಲ್ಲಿ ಉದ್ದ ಬರೆದಿದೆ. ಆ ಉದ್ದಕ್ಕೆ ತಕ್ಕ ಫೀಸು ನೋಡಿ ನಾನೇ ಸರ್ಕಾರಕ್ಕೆ ದುಡ್ಡು ಕಟ್ಟುವ ಖಜಾನೆ-2 ವೆಬ್‌ಸೈಟಿನಲ್ಲಿ ಚಲನ್ ತೆಗೆದು, ಕಟ್ಟಿ, ಪ್ರಿಂಟ್ ಹಿಡಿದುಕೊಂಡು ಇದ್ದೆ. ಎಷ್ಟು ಹೆಮ್ಮೆ ನನಗೆ! ಏಜೆಂಟ್ ಇಲ್ಲ, ಯಾರ ಕೈಕಾಲು ಹಿಡಿಯೋದಿಲ್ಲ, ಮಗ ಓದಿದವನು, ಎಲ್ಲ ಆನ್‌ಲೈನ್. ಪಕ್ಕದ ಮನೆಯವರಿಗೂ ಹೇಳಿದ್ದೆ, "ನಿಮ್ಮದೂ ನಾನೇ ಮಾಡಿಕೊಡ್ತೇನೆ ಚಿಕ್ಕಯ್ಯ" ಅಂತ. ಈಗ ಅವರ ಮುಖ ಹೇಗೆ ನೋಡಲಿ?

ಮೊನ್ನೆ ಅಳೆಯಲಿಕ್ಕೆ ಬಂದರು. ಮಧ್ಯಾಹ್ನ ಒಂದು ಗಂಟೆ, ಮೇ ತಿಂಗಳ ಬಿಸಿಲು, ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಬಂದವರಿಗೆ ಶೂ ಇತ್ತು, ಶೂ ಒಳಗೆಲ್ಲ ಮರಳು. ಪಾಪ, ಅವರಿಗೂ ಸುಖ ಇಲ್ಲ ಬಿಡಿ. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಹಿಡಿದದ್ದು ಯಾರು? ನಮ್ಮ ಅಪ್ಪಯ್ಯ. ದೋಣಿಯ ಮೂತಿ ಗೊತ್ತಲ್ಲ, ನಾಡದೋಣಿಯದ್ದು, ಮೇಲಕ್ಕೆ ಎದ್ದು ಮುಂದಕ್ಕೆ ಚಾಚಿರುತ್ತದೆ. ಅಲೆ ಒಡೆಯಲಿಕ್ಕೆ ಇರುವುದು ಅದು. ಅದರ ತುತ್ತತುದಿಗೆ ಟೇಪಿನ ಸೊನ್ನೆ ಇಟ್ಟು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಟೇಪು ಜೋಲದ ಹಾಗೆ ಎಳೆದು ನಿಂತರು ಅಪ್ಪಯ್ಯ. ನಲವತ್ತು ವರ್ಷ ಬಲೆ ಎಳೆದ ಕೈ. ಸರಿಯಾಗಿ ಎಳೆಯದೆ ಬಿಡ್ತದಾ? ಸ್ವಲ್ಪ ಸಡಿಲ ಬಿಟ್ಟಿದ್ದರೆ, ಸ್ವಲ್ಪ ಕೆಳಗೆ ಹಿಡಿದಿದ್ದರೆ, ಇವತ್ತು ನಾನು ಆರಾಮವಾಗಿ ನಿದ್ದೆ ಮಾಡುತ್ತಿದ್ದೆ. ಹಿಂದೆ ತೂಗುವ ಎಂಜಿನ್ ಲೆಕ್ಕಕ್ಕೆ ಇಲ್ಲ ಅಂದರು. ದೊಡ್ಡ ಉಪಕಾರ.

ಸರ್ಟಿಫಿಕೇಟಿನ ಉದ್ದಕ್ಕಿಂತ ಟೇಪಿನ ಉದ್ದ ಸ್ವಲ್ಪ ಜಾಸ್ತಿ ಬಂತು. ಕಟ್ಟಿದವರು ಎಲ್ಲಿಂದ ಎಲ್ಲಿಗೆ ಅಳೆದಿದ್ದರೋ ಏನೋ. ಆಗ ಏನೂ ಹೇಳಲಿಲ್ಲ ಅವರು. ಬರೆದುಕೊಂಡು, ಎಳನೀರು ಕುಡಿದು ಹೋದರು.

ಇವತ್ತು ಕೌಂಟರಿನಲ್ಲಿ ಗೊತ್ತಾದದ್ದು, ಆ ಹನ್ನೊಂದು ಸೆಂಟಿಮೀಟರಿಗೆ ನಮ್ಮ ದೋಣಿ ಫೀಸಿನ ಪಟ್ಟಿಯಲ್ಲಿ ಮುಂದಿನ ಸಾಲಿಗೆ ಹೋಗಿದೆ. ಕಟ್ಟಿದ ಚಲನ್ ಸಾಲದು. ಬಾಕಿಗೆ ಇನ್ನೊಂದು ಚಲನ್. ಸರ್ವರ್ ಬ್ಯುಸಿ. ನಾಳೆ ಬನ್ನಿ.

ಈಗ ಅಸಲು ಸಂಗತಿಗೆ ಬರುತ್ತೇನೆ. ಕಚೇರಿ ಯಾವುದು, ಊರು ಯಾವುದು ಅಂತ ಕೇಳಬೇಡಿ, ಅಪ್ಪಯ್ಯ ವರ್ಷ ವರ್ಷ ಅಲ್ಲಿಗೇ ಹೋಗಬೇಕು. ಕೌಂಟರಿನ ಎದುರು ಏಳೆಂಟು ಜನ ಇದ್ದರು. ಎಲ್ಲ ನಮ್ಮ ಹಾಗೆಯೇ, ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದವರು. ನಾನು ಬಹಳ ಮರ್ಯಾದೆಯಿಂದಲೇ ಕೇಳಿದೆ. "ಸರ್, ಮೂತಿ ಯಾಕೆ ಲೆಕ್ಕಕ್ಕೆ ತಗೊಂಡ್ರಿ? ನೀರಿನಲ್ಲಿ ಇರೋದು ಅಡಿಭಾಗ ಅಲ್ವಾ? ಮೂತಿಯಲ್ಲಿ ಜನ ಕೂರೋದಿಲ್ಲ, ಮೀನು ತುಂಬೋದಿಲ್ಲ."

ಕೌಂಟರಿನ ಸಾಹೇಬರು ತಲೆ ಎತ್ತಿದರು. ಕನ್ನಡಕ ಕೆಳಗೆ ಇಳಿಸಿ ನನ್ನನ್ನು ನೋಡಿದರು. ಆಮೇಲೆ ನನ್ನ ಆಧಾರ್ ಜೆರಾಕ್ಸ್ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು ಹೇಳಿದರು.

"ಎಂತ ಮಾರಾಯ್ರೆ, ಇದ್ರಲ್ಲಿ ನಿಮ್ಮ ಮೂಗು ಉಂಟಲ್ಲ? ಮೂಗು ಮನೆಯಲ್ಲಿ ಬಿಟ್ಟು ಫೋಟೊ ತೆಗೆಸ್ಬಹುದಿತ್ತು!"

ನಕ್ಕರು. ಎಲ್ಲರೂ. ಪಕ್ಕದ ಟೇಬಲಿನವರು ಕೀಬೋರ್ಡ್ ಬಿಟ್ಟು ನಕ್ಕರು. ಬಾಗಿಲ ಹತ್ತಿರ ಇದ್ದ ಒಬ್ಬ ಹುಡುಗನಿಗೆ ಏನು ನಡೆಯಿತು ಅಂತಲೇ ಗೊತ್ತಿಲ್ಲ, ಅವನೂ ನಕ್ಕ. ನನಗೆ ಮೂಗು ಸ್ವಲ್ಪ ದೊಡ್ಡದೇ. ಶಾಲೆಯಲ್ಲಿ ಏನೇನು ಕರೆಯುತ್ತಿದ್ದರು ಅಂತ ಇಲ್ಲಿ ಬರೆಯುವುದಿಲ್ಲ. ಕೈ ಅಷ್ಟರಲ್ಲಿ ಮೂಗಿನ ಹತ್ತಿರ ಹೋಗಿತ್ತು! ನನ್ನದೇ ಕೈ! ಮುಟ್ಟಿ ನೋಡಿಕೊಂಡೆ! ಅದನ್ನು ನೋಡಿ ಇನ್ನೊಂದು ಸುತ್ತು ನಗು.

ಅದೂ ತಡೆದುಕೊಳ್ಳಬಹುದಿತ್ತು. ತಿರುಗಿ ನೋಡಿದರೆ ಅಪ್ಪಯ್ಯನೂ ನಗುತ್ತಿದ್ದಾರೆ. ಸುಮ್ಮನೆ ಅಲ್ಲ, ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ. "ಮೂಗ್ ಬಿಡುಕಾತ್ತಾ ಮತ್ತೆ" ಅಂತ ಆ ಸಾಹೇಬರ ಪರ ಬೇರೆ! ನಾನು ಯಾರಿಗಾಗಿ ವಾದ ಮಾಡುತ್ತಿದ್ದೆ ಸ್ವಾಮಿ?

ಅಲ್ಲಿಂದ ಇಲ್ಲಿಯ ತನಕ ಆ ನಗು ಕಿವಿಯಲ್ಲಿದೆ. ಸರಿಯಾದ ಉತ್ತರಗಳೆಲ್ಲ ಬಸ್ಸು ಹತ್ತಿದ ಮೇಲೆ ಹೊಳೆದವು. "ಸರ್, ಮೂಗಿಗೆ ಆಧಾರ್‌ನಲ್ಲಿ ಬೇರೆ ಫೀಸು ಇಲ್ಲವಲ್ಲ" ಅನ್ನಬಹುದಿತ್ತು. "ದೊಡ್ಡ ಮೂಗಿನವರಿಗೆ ಮುಂದಿನ ಸಾಲಾ ಸರ್?" ಅನ್ನಬಹುದಿತ್ತು. ಅನ್ನಲಿಲ್ಲ. ನಾನು ಅಂದದ್ದು, "ಆಯ್ತು ಸರ್". ಎರಡು ಸಲ.

ನೋಂದಣಿಯೇ ಬೇಡ ಅಂತ ನಾನು ಎಲ್ಲಿ ಹೇಳಿದೆ? ಬೇಕೇ ಬೇಕು. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಆ ಹತ್ತು ಜನ ಕುಬೇರ್ ಅನ್ನುವ ಮೀನುಗಾರಿಕೆ ದೋಣಿಯನ್ನೇ ಹಿಡಿದು ಬಂದದ್ದು. ಆಮೇಲೆ ದೋಣಿಗೆ ಬಣ್ಣ ಇಂಥದ್ದೇ ಇರಬೇಕು, ನಂಬರ್ ದೊಡ್ಡದಾಗಿ ಕಾಣಬೇಕು, ಮೀನುಗಾರರಿಗೆ ಬಯೊಮೆಟ್ರಿಕ್ ಕಾರ್ಡು, ಎಲ್ಲ ಬಂತು. ಅಪ್ಪಯ್ಯ ಆ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದಲ್ಲೇ ಇಟ್ಟುಕೊಳ್ಳುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಅನ್ನುವ ಬೋಟು ಏಳು ಜನರ ಸಮೇತ ಕಾಣೆಯಾದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದಲ್ಲಿ. ದೋಣಿಗೆ ಒಂದು ನಂಬರ್ ಇರಬೇಕು, ಯಾರದ್ದು ಅಂತ ಗೊತ್ತಿರಬೇಕು, ಅದಕ್ಕೆ ಫೀಸೂ ಇರಲಿ. ಕಟ್ಟುತ್ತೇವೆ. ಕಟ್ಟಲ್ಲ ಅಂದವರು ಯಾರು?

ಆದರೆ ಯಾವುದಕ್ಕೆ ಎಷ್ಟು, ಎಲ್ಲಿಂದ ಎಲ್ಲಿಗೆ ಅಳತೆ ಅಂತ ಒಂದು ಹಾಳೆಯಲ್ಲಿ ದೋಣಿಯ ಚಿತ್ರ ಬಿಡಿಸಿ ಗೋಡೆಗೆ ಅಂಟಿಸಲಿಕ್ಕೆ ಏನು ಕಷ್ಟ? ಅಲ್ಲಿ ಗೋಡೆಯಲ್ಲಿ ಇರುವುದು ಹೋದ ವರ್ಷದ ಕ್ಯಾಲೆಂಡರ್. ನೋಂದಣಿ ಬರುವುದು ಕೇಂದ್ರ ಸರ್ಕಾರದ ಮರ್ಚೆಂಟ್ ಶಿಪ್ಪಿಂಗ್ ಕಾನೂನಿನ ಕೆಳಗೆ. ಮೀನು ಹಿಡಿಯುವ ಲೈಸೆನ್ಸ್ ಬೇರೆ, ಅದು ನಮ್ಮ ರಾಜ್ಯದ 1986ರ ಕಾನೂನು. ಅರ್ಜಿ ಹಾಕುವುದು ರಿಯಲ್‌ಕ್ರಾಫ್ಟ್ ಅನ್ನುವ ಪೋರ್ಟಲಿನಲ್ಲಿ. ದುಡ್ಡು ಕಟ್ಟುವುದು ಖಜಾನೆಯಲ್ಲಿ. ಅಳೆಯುವುದು ಮರಳಿನಲ್ಲಿ. ನಗುವುದು ಕೌಂಟರಿನಲ್ಲಿ.

ಬಸ್ಸಿನಲ್ಲಿ ಕೂತು ಕೋಪಕ್ಕೆ ಮೊಬೈಲಿನಲ್ಲಿ ಹುಡುಕಿದೆ. ದೊಡ್ಡ ಹಡಗುಗಳದ್ದು ಇನ್ನೂ ಮಜಾ ಉಂಟು. ಅವುಗಳ ಲೆಕ್ಕ ಗ್ರಾಸ್ ಟನ್ನೇಜಿನಲ್ಲಿ. ಟನ್ ಅಂದರೆ ತೂಕ ಅಂದುಕೊಂಡಿದ್ದೆ ನಾನು ಇಷ್ಟು ವರ್ಷ. ತೂಕವೇ ಅಲ್ಲವಂತೆ, ಹಡಗಿನ ಒಳಗಿನ ಜಾಗದ ಅಳತೆಯಂತೆ! 1969ರಲ್ಲಿ ದೇಶಗಳೆಲ್ಲ ಸೇರಿ ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡರು, ಹೇಗೆ ಅಳೆಯಬೇಕು ಅಂತ. ಹಡಗಿನವರಿಗೆ ಜಗತ್ತಿನ ಒಪ್ಪಂದ, ನಮಗೆ ಅಪ್ಪಯ್ಯನ ಹೆಬ್ಬೆರಳು.

ಡಚ್ಚರ ಕಥೆ ಇನ್ನೂ ಚೆನ್ನಾಗಿದೆ. ಹದಿನೇಳನೇ ಶತಮಾನದಲ್ಲಿ ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳಿಂದ ಡೆನ್ಮಾರ್ಕಿನವರು ಸುಂಕ ತೆಗೆದುಕೊಳ್ಳುತ್ತಿದ್ದರು. ಅದರ ಲೆಕ್ಕದಲ್ಲಿ ಡೆಕ್ಕಿನ ಅಗಲವೂ ಬರುತ್ತಿತ್ತಂತೆ. ಡಚ್ಚರು ಏನು ಮಾಡಿದರು? ಹೊಟ್ಟೆ ಅಗಲ, ಡೆಕ್ಕು ಸಪೂರ ಇರುವ ಹಡಗು ಕಟ್ಟಿದರು. ಮೇಲಿನಿಂದ ನೋಡಿದರೆ ಬಡಕಲು, ಒಳಗೆ ನೋಡಿದರೆ ಗೋದಾಮು. ಇದನ್ನು ಓದಿ ನನಗೆ ಕಣ್ಣಲ್ಲಿ ನೀರು ಬಂತು. ನಾವೂ ಮೂತಿ ಮೋಟು ಮಾಡಿಸಬಹುದಿತ್ತು ಅಲ್ವಾ? ಅಪ್ಪಯ್ಯನಿಗೆ ತೋರಿಸಿದೆ. "ಮೋಟು ಮೂತಿಯಲ್ಲಿ ಮಳೆಗಾಲದ ಅಲೆಗೆ ನೀನ್ ಹೋಗ್ತ್ಯಾ?" ಅಂತ ಕೇಳಿ ಕಿಟಕಿ ಕಡೆ ತಿರುಗಿದರು. ನಾನು ಸಮುದ್ರಕ್ಕೆ ಹೋಗುವವನಲ್ಲ. ನಾನು ಲೆಕ್ಕ ಬರೆಯುವ ಕೆಲಸದವನು. ಗೊತ್ತು, ಹೇಳಬೇಕಾಗಿಲ್ಲ.

ಗಡಿಬಿಡಿ ಯಾಕೆ, ನಿಧಾನಕ್ಕೆ ಮಾಡಿಸಿ ಅಂತ ಬುದ್ಧಿ ಹೇಳಲಿಕ್ಕೆ ಬರಬೇಡಿ. ಜೂನ್ 1ಕ್ಕೆ ಟ್ರಾಲ್ ಬೋಟುಗಳು ಬಂದ್. ಜುಲೈ 31ರ ತನಕ, 61 ದಿನ. ಹತ್ತು ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಆಗಲೇ ದುಡಿಮೆ. ಕಡಲು ಚೂರು ಸಮಾಧಾನ ಆದರೆ ಸಾಕು, ಚಟ್ಲಿ, ಬೈಗೆ ಏನು ಸಿಕ್ಕಿದರೂ ರೇಟ್ ಇರುತ್ತದೆ. ಕಾಗದ ಸರಿ ಇಲ್ಲದಿದ್ದರೆ ಸೀಮೆಎಣ್ಣೆ ಪರ್ಮಿಟ್ ಇಲ್ಲ. ಸೀಮೆಎಣ್ಣೆ ಇಲ್ಲದಿದ್ದರೆ ಎಂಜಿನ್ ಮೂಲೆಯಲ್ಲಿ. ಅರ್ಧ ಬಂಗುಡೆಯಷ್ಟು ಉದ್ದಕ್ಕೆ ಎಲ್ಲ ನಿಲ್ಲುತ್ತದೆ.

ಆಯ್ತು, ಬಿಡುತ್ತೇನೆ. ಒಂದೇ ಪ್ರಶ್ನೆ. ಇದನ್ನು ಓದುವವರಲ್ಲಿ ಯಾರಾದರೂ ಇಲಾಖೆಯವರಿದ್ದರೆ, ದೋಣಿ ಕಟ್ಟುವವರಿದ್ದರೆ, ವಕೀಲರಿದ್ದರೆ, ಯಾರಾದರೂ ಸರಿ, ಉತ್ತರ ಕೊಡಿ. ಮೂತಿ ಲೆಕ್ಕಕ್ಕೆ ಬರುತ್ತದಾ ಇಲ್ವಾ? ಬರುತ್ತದೆ ಅಂತಾದರೆ ಕಟ್ಟಿಕೊಟ್ಟವರು ಸರ್ಟಿಫಿಕೇಟಿನಲ್ಲಿ ಯಾಕೆ ಬಿಟ್ಟರು? ಬರುವುದಿಲ್ಲ ಅಂತಾದರೆ ನಾಳೆ ನಾನು ಕೌಂಟರಿನಲ್ಲಿ ಆ ಕಾಗದ ಇಟ್ಟು ಮಾತಾಡುತ್ತೇನೆ. ಮಾತಾಡುತ್ತೇನೆ ಅಂತ ಇಲ್ಲಿ ಹೇಳುತ್ತಿದ್ದೇನೆ. ನಾಳೆ ಅಲ್ಲಿ "ಆಯ್ತು ಸರ್" ಅಂತಲೇ ಅನ್ನುತ್ತೇನೆ, ನನಗೆ ನನ್ನ ಗುರುತು ಉಂಟು.

ಈ ಫೀಸು ನಿಗದಿ ಮಾಡಿದವರು ಯಾರೋ, ಅವರ ಮೇಲೂ ಪೂರ್ತಿ ಕೋಪ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಇಷ್ಟು ಮೀಟರ್ ತನಕ ಇಷ್ಟು, ಆಮೇಲೆ ಇಷ್ಟು. ಗೆರೆ ಎಳೆದರೆ ಯಾರಾದರೊಬ್ಬರು ಹನ್ನೊಂದು ಸೆಂಟಿಮೀಟರ್ ಆಚೆ ಬೀಳುತ್ತಾರೆ. ಅದು ನಾವೇ ಆಗಬೇಕಿತ್ತಾ? ಗೆರೆ ಎಳೆಯುವಾಗ ಒಬ್ಬರಾದರೂ ಸಮುದ್ರದ ದಡಕ್ಕೆ ಬಂದು ಮೂತಿ ನೋಡಿದ್ದರಾ? ನೋಡಿ, ಮತ್ತೆ ಕೋಪ ಬಂತು.

ಸಂಜೆ ಪೇಂಟರ್ ಫೋನ್ ಮಾಡಿದ್ದ. ನಂಬರ್ ಬಂದ ಮೇಲೆ ಎಲ್ಲಿ ಬರೆಯಬೇಕು ಅಂತ ಈಗಲೇ ಹೇಳಿ, ಜಾಗ ಉಜ್ಜಿ ಇಡುತ್ತೇನೆ ಅಂದ.

"ಮೂತಿಯ ಎರಡೂ ಬದಿ" ಅಂದೆ.

"ಅಕ್ಷರ ದೊಡ್ಡದು ಬೇಕಲ್ಲ, ಅಲ್ಲಿ ಜಾಗ ಸಾಕಾ?" ಅಂದ.

ಸಾಕಾಗುತ್ತದೆ ಮಾರಾಯ, ಹನ್ನೊಂದು ಸೆಂಟಿಮೀಟರ್ ಎಕ್ಸ್‌ಟ್ರಾ ಉಂಟು ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಫೋನ್ ಇಟ್ಟೆ.

ಬೆಳಿಗ್ಗೆ ಆರೂವರೆ ಬಸ್ಸು. ಚಲನ್, ಅಫಿಡವಿಟ್, ಕಲರ್ ಫೋಟೊ ಎಲ್ಲ ಕವರಿನಲ್ಲಿ ಹಾಕಿಟ್ಟಿದ್ದೇನೆ. ಸರ್ವರ್ ಇನ್ನೂ ತಿರುಗುತ್ತಾ ಇದೆ. ಹೊರಗೆ ಜಗಲಿಯಲ್ಲಿ ಅಪ್ಪಯ್ಯ ಬಲೆ ಹೊಲಿಯುತ್ತಾ ಪಕ್ಕದ ಮನೆ ಚಿಕ್ಕಯ್ಯನಿಗೆ ಮೂಗಿನ ಕಥೆ ಹೇಳುತ್ತಿದ್ದಾರೆ. ಮೂರನೇ ಸಲ. ಸಾಹೇಬರ ದನಿಯಲ್ಲೇ.