ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರಾ?

ಕಳೆದ ವರ್ಷ ಒಂದು ರಾತ್ರಿ ಅಕ್ಕ ವಾಟ್ಸಾಪ್‌ನಲ್ಲಿ ಹದಿನಾಲ್ಕು ಫೋಟೋ ಕಳಿಸಿದಳು. ಒಂದೊಂದರಲ್ಲೂ ಒಪ್ಪಿಗೆ ಪತ್ರದ ಒಂದೊಂದು ಪುಟ. ಸಕ್ಕರೆ ಕಾಯಿಲೆಯಿಂದ ಅವಳಿಗೆ ಅಂಗಾಲು ಉರಿ ಶುರುವಾಗಿ ಆರು ವರ್ಷ. ಹೊದಿಕೆಯ ಅಂಚು ತಾಗಿದರೂ ಕಾಲು ಎಳೆದುಕೊಳ್ಳುತ್ತಾಳೆ. ಅವಳು ತೋರಿಸುವ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಟ್ರಯಲ್ ನಡೆಯುತ್ತಿದೆ, ಸೇರಿಕೊಳ್ಳಿ ಅಂದಿದ್ದರು. ಫೋಟೋಗಳ ಕೆಳಗೆ ಒಂದೇ ಸಾಲು: "ಸೈನ್ ಮಾಡ್ಲಾ? ನಾಳೆ ಕೊಡ್ಬೇಕಂತೆ."

ಫೋನ್ ಮಾಡಿದೆ. "ಓದಿದ್ಯಾ?"

"ಓದಕ್ಕೆ ಹೋದೆ ಕಣೋ. ಯಾದೃಚ್ಛಿಕ ಅಂತ ಏನೋ ಬಂತು, ಅಲ್ಲಿಗೇ ಬಿಟ್ಟೆ."

"ಡಾಕ್ಟರನ್ನ ಕೇಳ್ಬೇಕಿತ್ತು."

"ಅಯ್ಯೋ, ಕೇಳಿದ್ರೆ ಬೇಜಾರು ಮಾಡ್ಕೋತಾರೆ. ಅಷ್ಟು ವರ್ಷದಿಂದ ನೋಡ್ತಿದಾರೆ, ನಂಬಿಕೆ ಇಲ್ವಾ ಅಂದ್ಕೊಳ್ಳಲ್ವಾ?"

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಾನು ಅಮೆರಿಕದಲ್ಲಿರುವವನು, ನೋವಿನ ಟ್ರಯಲ್ ಒಂದರಲ್ಲಿ ಹನ್ನೆರಡು ವಾರ ಇದ್ದು ಬಂದವನು. ಇಲ್ಲಿ ನನ್ನಿಂದ ಪ್ರಶ್ನೆ ಬರದಿದ್ದಾಗಲೇ ಟ್ರಯಲ್ ನಡೆಸುವವರು ಚಿಂತೆಗೆ ಬಿದ್ದಿದ್ದರು.

ನನಗೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು, ನೋವು ಮಾತ್ರ ಎಡ ಪಕ್ಕೆಯಲ್ಲಿ ಉಳಿದುಬಿಟ್ಟಿತು. ಅಂಗಿಯ ಬಟ್ಟೆ ಸವರಿದರೆ ಸಾಕು, ಕಾದ ತಂತಿ ಎಳೆದ ಹಾಗೆ. ಎರಡು ಥರದ ಮಾತ್ರೆಯಿಂದ ಅರ್ಧ ಕಡಿಮೆಯಾಯಿತು, ಉಳಿದರ್ಧ ಹೋಗಲಿಲ್ಲ. ಆಗ ನಾನೇ ಹುಡುಕಲು ಕೂತೆ. ಇಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 2000ನೇ ಇಸವಿಯಿಂದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ನೋಂದಣಿ ತಾಣ ನಡೆಸುತ್ತಿದೆ. ಬರೀ ನೋವು ಅಂತ ಹುಡುಕಿದರೆ ರಾಶಿ ಬಿದ್ದು ತಲೆ ಕೆಡುತ್ತದೆ; ಕಾಯಿಲೆಯ ಹೆಸರನ್ನೇ ಹಾಕಬೇಕು, ಈಗ ಜನರನ್ನು ಸೇರಿಸಿಕೊಳ್ಳುತ್ತಿರುವ ಟ್ರಯಲ್‌ಗಳನ್ನು ಮಾತ್ರ ತೋರಿಸು ಅನ್ನಬೇಕು. ಆಮೇಲೆ ಮೊದಲು ಓದಬೇಕಾದದ್ದು ಯಾರನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಭಾಗ. ಅದನ್ನು ಓದದೆ ನಾನು ಮೊದಲ ಕಡೆ ಫೋನ್ ಮಾಡಿ ಹತ್ತೇ ನಿಮಿಷದಲ್ಲಿ ಬೇಡವೆನಿಸಿಕೊಂಡೆ. ಹಿಂದಿನ ತಿಂಗಳಷ್ಟೇ ಮಾತ್ರೆಯ ಡೋಸ್ ಬದಲಾಗಿತ್ತು. ಅಂಥವರಿಗೆ ನೋವು ಇಳಿದರೆ ಯಾವ ಮದ್ದಿನಿಂದ ಇಳಿಯಿತು ಅಂತ ಹೇಳಲಾಗುವುದಿಲ್ಲ.

ಎರಡನೇ ಕಡೆ ಸೇರಿಸಿಕೊಂಡರು. ಒಪ್ಪಿಗೆ ಪತ್ರ ಓದಿ ಹೇಳಿದ ನರ್ಸ್ ಕೊನೆಗೆ ಪೆನ್ನು ಕೊಡಲಿಲ್ಲ. "ಈಗ ನಿಮ್ಮ ಮಾತಿನಲ್ಲಿ ಹೇಳಿ, ನಾವು ಏನು ಮಾಡ್ತೀವಿ?" ಅಂದರು. ನಾನು ಹೊಸ ಮದ್ದು ಕೊಡುತ್ತೀರಿ ಅಂದೆ. ಅಲ್ಲ ಅಂತ ತಲೆಯಾಡಿಸಿದರು. ಹೊಸ ಮದ್ದು ಸಿಗಬಹುದು, ಮದ್ದೇ ಇಲ್ಲದ ಮಾತ್ರೆ ಸಿಗಬಹುದು, ಯಾವುದು ಅಂತ ನನಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಅದು ನನ್ನ ಬಾಯಿಂದ ಬರುವ ತನಕ ಬಿಡಲಿಲ್ಲ. ಪತ್ರವನ್ನು ಮನೆಗೆ ಕೊಟ್ಟು, ಮನೆಯವರ ಜೊತೆ ಮಾತಾಡಿ ವಾರ ಬಿಟ್ಟು ಬನ್ನಿ ಅಂದರು.

ಅಕ್ಕ ಅಂಜಿ ಬಿಟ್ಟ ಆ 'ಯಾದೃಚ್ಛಿಕ' ಪದ ಇಷ್ಟನ್ನೇ ಹೇಳಬೇಕಿತ್ತು. ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಬರುತ್ತದೋ ಅದು ಅಂತ ಬರೆದಿದ್ದರೆ ಅವಳಿಗೆ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ರೋಗಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿ ಇರಬೇಕು ಅಂತ ಭಾರತದ ನಿಯಮ ಹೇಳುತ್ತದೆ. ಲಿಪಿ ಕನ್ನಡವಾದ ಮಾತ್ರಕ್ಕೆ ಆ ನಿಯಮ ಪಾಲಿಸಿದಂತಾಯಿತೇ? ನನಗೆ ಹಾಗನ್ನಿಸುವುದಿಲ್ಲ.

ನೋವಿನ ಟ್ರಯಲ್‌ಗೂ ಉಳಿದ ಟ್ರಯಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಿಪಿಗೆ ಯಂತ್ರವಿದೆ, ಸಕ್ಕರೆಗೆ ರಕ್ತ ಪರೀಕ್ಷೆಯಿದೆ. ನೋವಿಗೆ ಇರುವುದು ರೋಗಿ ಹೇಳುವ ಅಂಕಿ ಮಾತ್ರ. 0 ಅಂದರೆ ನೋವಿಲ್ಲ, 10 ಅಂದರೆ ಊಹಿಸಬಹುದಾದ ಅತಿ ಹೆಚ್ಚಿನ ನೋವು. ಆ ಅಂಕಿ ಹೇಳುವುದಕ್ಕೆ ನನಗೆ ಒಂದು ಮಧ್ಯಾಹ್ನ ಪೂರ್ತಿ ಅಭ್ಯಾಸ ಮಾಡಿಸಿದರು. ಈ ಗಳಿಗೆಯ ನೋವು ಬೇರೆ, ಕಳೆದ 24 ಗಂಟೆಯ ಸರಾಸರಿ ನೋವು ಬೇರೆ, ಅದರಲ್ಲೇ ಅತಿ ಹೆಚ್ಚಿನದು ಬೇರೆ. ನನಗೆ ಕಷ್ಟವಾದದ್ದು ಅಲ್ಲೇ. ನಮ್ಮ ಬಾಯಲ್ಲಿ ನೋವು ಅಂಕಿಯಾಗಿ ಬರುವುದಿಲ್ಲ. ಚುಚ್ಚುತ್ತೆ, ಉರಿಯುತ್ತೆ, ಸೆಳೆಯುತ್ತೆ, ಜೋಮು ಹಿಡಿಯುತ್ತೆ, ಹಿಂಡುತ್ತೆ ಅನ್ನುತ್ತೇವೆ. ಸೆಳೆತದ ದಿನಕ್ಕೆ ಎಷ್ಟು, ಉರಿಯ ದಿನಕ್ಕೆ ಎಷ್ಟು ಅಂತ ರಾತ್ರಿ ಮಲಗುವ ಮುಂಚೆ ಕೂತು ಯೋಚಿಸುತ್ತಿದ್ದೆ. ಮೊದಲ ವಾರ ಮಾತ್ರೆಯೇ ಇಲ್ಲ, ಬರೀ ಈ ಲೆಕ್ಕ. ಆ ವಾರದ ಸರಾಸರಿ 4ಕ್ಕಿಂತ ಕಡಿಮೆಯಿದ್ದರೆ ನಮ್ಮ ಟ್ರಯಲ್‌ಗೆ ಸೇರುವಂತಿರಲಿಲ್ಲ.

ಇಲ್ಲೇ ಜನ ಎಡವುತ್ತಾರೆ. ಸೇರಿಕೊಳ್ಳುವ ಆಸೆಗೆ 5 ಇದ್ದದ್ದನ್ನು 8 ಅನ್ನುತ್ತಾರೆ. ಸೇರಿದ ಮೇಲೆ ನಿಜ ಹೇಳಿದರೂ ನೋವು ತಾನಾಗಿ ಇಳಿದಂತೆ ಕಾಣುತ್ತದೆ, ಮದ್ದಿಲ್ಲದ ಮಾತ್ರೆ ನುಂಗಿದವರಲ್ಲೂ. ಜೊತೆಗೆ, ಆರೈಕೆ ಸಿಕ್ಕಿತು ಎಂಬ ನೆಮ್ಮದಿಗೇ ನೋವು ನಿಜವಾಗಿ ಇಳಿಯುವುದೂ ಉಂಟು. ಇದೇನು ಸಣ್ಣ ಮಾತಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ 1990ರಿಂದ 2013ರವರೆಗಿನ ನರನೋವಿನ ಟ್ರಯಲ್‌ಗಳನ್ನು ಒಟ್ಟಿಗಿಟ್ಟು ನೋಡಿತು. ಮದ್ದಿಲ್ಲದ ಮಾತ್ರೆಯಿಂದ ಸಿಗುವ ಪರಿಹಾರ ವರ್ಷದಿಂದ ವರ್ಷಕ್ಕೆ ಏರುತ್ತ ಬಂದದ್ದು ಅಮೆರಿಕದ ಟ್ರಯಲ್‌ಗಳಲ್ಲಿ. ಅಲ್ಲಿನ ಟ್ರಯಲ್‌ಗಳು ಹೆಚ್ಚು ದೊಡ್ಡವೂ ದೀರ್ಘವೂ ಆಗುತ್ತ ಬಂದಿದ್ದವು. ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆಯ ಕಥೆಯನ್ನೇ ನೋಡಿ. ನೋವಿನ ಸುದ್ದಿ ಹೊರುವ ನರದಲ್ಲೇ ಆ ಸುದ್ದಿಯನ್ನು ತಡೆಯುವ, ಅಫೀಮಿನ ಜಾತಿಗೆ ಸೇರದ, ಅಂದರೆ ಓಪಿಯಾಯ್ಡ್ ಅಲ್ಲದ ಮದ್ದು. ಶಸ್ತ್ರಚಿಕಿತ್ಸೆ ಆದವರ ಮೇಲೆ ನಡೆದ ಟ್ರಯಲ್‌ಗಳಲ್ಲಿ ಗೆದ್ದು, 2025ರ ಜನವರಿ 30ರಂದು ಇಲ್ಲಿ ಅನುಮತಿ ಪಡೆಯಿತು. ಅದಕ್ಕೆ ತಿಂಗಳಷ್ಟೇ ಮುಂಚೆ, ಸೊಂಟದಿಂದ ಕಾಲಿಗಿಳಿಯುವ ನರನೋವಿನ ಟ್ರಯಲ್‌ನಲ್ಲಿ ಆ ಮದ್ದು ತಗೊಂಡವರ ನೋವು 2.02 ಅಂಕ ಇಳಿದಿತ್ತು, ಮದ್ದಿಲ್ಲದ ಮಾತ್ರೆ ತಗೊಂಡವರ ನೋವು 1.98 ಅಂಕ. ಎರಡು ಅಂಕ ಇಳಿದರೆ ರೋಗಿಗೆ ನಿಜವಾದ ಸುಖ ಅಂತ ವೈದ್ಯರು ಒಪ್ಪುತ್ತಾರೆ. ಆದರೂ ಅಲ್ಲಿ ಕೆಲಸ ಮಾಡಿದ್ದು ಮದ್ದೇ ಅಂತ ಹೇಗೆ ಹೇಳುವುದು? ನಾವು ರಾತ್ರಿ ಬರೆಯುವ ಒಂದು ಅಂಕಿಯ ಮೇಲೆ ಇಷ್ಟೆಲ್ಲ ನಿಂತಿದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಅಂತ ಕೈಮುಗಿದು ಕೇಳುತ್ತೇನೆ.

ಈಗ ಭಾರತದ ಮಾತು. ಅಲ್ಲೂ ಇಂಥದೇ ನೋಂದಣಿ ಇದೆ ಅಂತ ನನಗೆ ಗೊತ್ತಾದದ್ದು ಅಕ್ಕನ ಫೋಟೋಗಳಿಂದ. ಮೊದಲ ಪುಟದ ಮೂಲೆಯಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ಸಂಖ್ಯೆಯಿತ್ತು. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, 2007ರಲ್ಲಿ ಆರಂಭ. 2009ರ ಜೂನ್‌ನಿಂದ ಹೊಸ ಔಷಧಿಯ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. 2018ರ ಏಪ್ರಿಲ್‌ನಿಂದ, ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು. ಆ ಸಂಖ್ಯೆ ಹಾಕಿ ನೋಡಿದೆ. ಎಲ್ಲೆಲ್ಲಿ ನಡೆಯುತ್ತಿದೆ, ರೋಗಿಗಳ ಹಿತ ಕಾಯುವ ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ, ದುಡ್ಡು ಯಾರದು, ಎಲ್ಲ ಇತ್ತು. ಸಾರ್ವಜನಿಕರು ವಿಚಾರಿಸಲೆಂದೇ ಒಬ್ಬರ ಹೆಸರು, ಫೋನ್ ನಂಬರೂ ಇತ್ತು. ನೋವಿಗೆ ಸಂಬಂಧಿಸಿ ನಾನು ಅಲ್ಲಿ ತಡಕಾಡಿದಾಗ ಸಿಕ್ಕಿದ್ದರಲ್ಲಿ ಬಹುಪಾಲು ಅರಿವಳಿಕೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು, ಆಪರೇಷನ್ ನಂತರದ ನೋವಿನವು. ವರ್ಷಗಟ್ಟಲೆ ನರಳುವವರಿಗೆ ಬೇಕಾದವನ್ನು ಹೆಕ್ಕಿ ತೆಗೆಯಬೇಕು. ಎಲ್ಲವೂ ಇಂಗ್ಲಿಷಿನಲ್ಲಿದೆ, ಅದೊಂದು ಗೋಡೆ.

ಅಕ್ಕನ ಪತ್ರದ ಕೊನೆಯ ಪುಟ ನನ್ನನ್ನು ತಡೆದು ನಿಲ್ಲಿಸಿತು. ಓದು, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು. ಅಕ್ಕ ಹೆದರಿದ್ದಳು: "ನಾಮಿನಿ ಯಾಕೋ ಕೇಳ್ತಾರೆ? ಸಾಯೋ ಹಾಗಿದ್ಯಾ?" ಅವಳ ಹೆದರಿಕೆ ತಪ್ಪಲ್ಲ, ಆದರೆ ಆ ಕಾಲಂ ಇರುವುದು ಅವಳ ಪರವಾಗಿ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಲ್ಲಿ ಏನಾದರೂ ತೊಂದರೆಯಾದರೆ, ಅದು ಟ್ರಯಲ್‌ನಿಂದಲ್ಲ ಅಂತ ಖಚಿತವಾಗುವ ತನಕ ಚಿಕಿತ್ಸೆಯ ಖರ್ಚು ಟ್ರಯಲ್ ನಡೆಸುವವರದ್ದು. ತೊಂದರೆಗೆ ಟ್ರಯಲ್ಲೇ ಕಾರಣವಾದರೆ ಪರಿಹಾರವನ್ನೂ ಕೊಡಬೇಕು, ಜೀವ ಹೋದರೆ ವಾರಸುದಾರರಿಗೆ. ಹೊಸ ರಾಸಾಯನಿಕದ ಟ್ರಯಲ್‌ನಲ್ಲಿ ದುರ್ಬಲ ಸ್ಥಿತಿಯವರ ಒಪ್ಪಿಗೆ ಪಡೆಯುವಾಗ ವಿಡಿಯೊ ಮಾಡಬೇಕೆಂಬ ನಿಯಮವೂ ಇದೆ. ಸುಪ್ರೀಂ ಕೋರ್ಟಿನಲ್ಲಿ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ನಡೆಸಿದ ಹೋರಾಟದಿಂದ ಬಂದದ್ದು ಅದು.

ನನ್ನ ಪತ್ರ ತೆಗೆದು ಹೋಲಿಸಿ ನೋಡಿದೆ. ಅಮೆರಿಕದ ಕಾನೂನು ಕೇಳುವುದು ಇಷ್ಟೇ: ತೊಂದರೆಯಾದರೆ ಪರಿಹಾರ ಉಂಟೋ ಇಲ್ಲವೋ ಹೇಳಿಬಿಡಿ. ಕೊಡಲೇಬೇಕು ಅನ್ನುವುದಿಲ್ಲ. ನನ್ನದರಲ್ಲಿ, ಚಿಕಿತ್ಸೆ ಕೊಡುತ್ತೇವೆ, ಬಿಲ್ ನಿಮ್ಮ ವಿಮೆಗೆ ಹೋಗಬಹುದು ಅಂತಿತ್ತು. ಅಷ್ಟು ತಾಳ್ಮೆಯಿಂದ ಎಲ್ಲ ವಿವರಿಸಿದ ದೇಶದಲ್ಲಿ ಈ ಸಾಲನ್ನು ನಾನು ಎರಡನೇ ಸಲ ಓದಿದಾಗಲೇ ಗಮನಿಸಿದ್ದು. ಅಂದರೆ ಕೇಳುವ ರೂಢಿ ಇಲ್ಲಿದೆ, ಪರಿಹಾರದ ಹಕ್ಕು ಭಾರತದಲ್ಲಿದೆ. ಹಕ್ಕಿರುವ ಕಡೆ ನಮ್ಮ ಜನ ಡಾಕ್ಟರ ಮುಖ ನೋಡಿ ಸುಮ್ಮನಾಗಿಬಿಡುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ. ಡಾಕ್ಟರ ಮೇಲಿನ ಗೌರವವನ್ನು ಕಡಿಮೆ ಮಾಡಿಕೊಳ್ಳಿ ಅನ್ನುತ್ತಿಲ್ಲ. ನಮ್ಮನ್ನು ವಾಸಿ ಮಾಡುವ ಡಾಕ್ಟರೇ ಟ್ರಯಲ್ ನಡೆಸುವವರೂ ಆದಾಗ ಅವರ ಕೆಲಸ ಎರಡಾಗುತ್ತದೆ. ಒಂದು ನಮಗಾಗಿ, ಇನ್ನೊಂದು ಮುಂದಿನ ರೋಗಿಗಳಿಗಾಗಿ. ಎರಡನೆಯದು ಒಳ್ಳೆಯ ಕೆಲಸವೇ, ಆದರೆ ಅದಕ್ಕೆ ನಾವು ಗೊತ್ತಿದ್ದು ಒಪ್ಪಬೇಕು.

ಇನ್ನೊಂದು ಎಚ್ಚರಿಕೆ, ಎರಡೂ ಕಡೆಯವರಿಗೆ. ಮಂಡಿ ನೋವಿಗೆ, ಬೆನ್ನು ನೋವಿಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆ, ಟ್ರಯಲ್ ಅಂತ ಹೇಳಿ ರೋಗಿಯಿಂದಲೇ ದೊಡ್ಡ ಮೊತ್ತ ಕೇಳುವವರಿದ್ದಾರೆ. ನೋಂದಣಿ ತಾಣದಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಸರ್ಕಾರ ಅದನ್ನು ಪರೀಕ್ಷಿಸಿ ಒಪ್ಪಿದೆ ಎಂದಲ್ಲ. ಅಮೆರಿಕದ ತಾಣವೇ ಹಾಗಂತ ಬರೆದಿದೆ. ದುಡ್ಡು ಕೇಳಿದರೆ ಎದ್ದು ಬನ್ನಿ.

ಅಕ್ಕನಿಗೆ ನಾನು ಮೂರು ಪ್ರಶ್ನೆ ಬರೆದುಕೊಟ್ಟೆ. ಈಗಿನ ಮಾತ್ರೆ ಬಿಡಬೇಕಾ, ಎಷ್ಟು ದಿನ? ನೋವು ತಡೆಯಲಾಗದಿದ್ದರೆ ನಡುವೆ ಏನು ತಗೊಳ್ಳಬಹುದು? ಬೇಡ ಅಂದರೆ ಈಗಿನ ಚಿಕಿತ್ಸೆ ಹೀಗೇ ನಡೆಯುತ್ತದಾ? ಚೀಟಿ ಹಿಡಿದು ಹೋದಳು, ಭಾವನನ್ನೂ ಜೊತೆಗೆ ಕರೆದುಕೊಂಡು. ಸಂಜೆ ಫೋನ್ ಬಂತು. ಡಾಕ್ಟರು ಬೇಜಾರು ಮಾಡಿಕೊಂಡಿರಲಿಲ್ಲ. ಕುರ್ಚಿ ಎಳೆದು ಕೂತು ಅರ್ಧ ಗಂಟೆ ಮಾತಾಡಿದ್ದರು. ಈಗಿನ ಮಾತ್ರೆ ಎರಡು ವಾರ ಪೂರ್ತಿ ಬಿಡಬೇಕು, ಆ ದಿನಗಳಲ್ಲಿ ಪ್ಯಾರಾಸಿಟಮಾಲ್ ಒಂದೇ ಗತಿ ಅಂದರಂತೆ. ಮಾತ್ರೆ ತಗೊಂಡೂ ನಿದ್ದೆ ಬರದ ರಾತ್ರಿಗಳು ಅವಳಿಗೆ ನೆನಪಾದವು.

"ಬೇಡ ಅಂದೆ ಕಣೋ," ಅಂದಳು. "ಆಯ್ತಮ್ಮ, ಮುಂದಿನ ತಿಂಗಳು ಮಾಮೂಲಿ ತರ ಬನ್ನಿ ಅಂದ್ರು. ನಾಲ್ಕನೇ ಪ್ರಶ್ನೆ ನಾನೇ ಕೇಳ್ದೆ. ಮಾತ್ರೆ ಬಿಡದೇ ಇರೋ ಟ್ರಯಲ್ ಎಲ್ಲಾದ್ರೂ ಇದ್ಯಾ ಅಂತ. ಹುಡುಕಿ ಹೇಳ್ತೀನಿ ಅಂದಿದಾರೆ. ನೀನೂ ಆ ಪಟ್ಟೀಲಿ ನೋಡು."

ನೋಡುತ್ತಿದ್ದೇನೆ.